ಕಿರುಬನ ಮುತ್ತಾತನ ಬುರುಡೆ

ಕಡಲಿಗೆ ಕಾಲು ಚಾಚಿ ಮಲಗಿದ್ದ ಒಂದು ಕಾಡಿನಲ್ಲಿ ತಾಯಿ ನೀರುನಾಯಿ ಇತ್ತು. ದಂಡೆಯ ದಿಬ್ಬದಲ್ಲಿ ಅದರ ಬಿಲ. ಬಿಲದಲ್ಲಿ ಇನ್ನೂ ಕಣ್ಣು ಬಿಡದ ಮರಿಗಳು. ಆ ಕಾಡಿಗೊಂದು ಕಟ್ಟಳೆ: ಯಾರ ಹಿರಿಯರ ಮೂಳೆ ಎಲ್ಲಿದೆಯೋ ಆ ನೆಲ ಅವರದು.

ಒಂದು ದಿನ ದಿಬ್ಬದ ಅಂಚು ಕುಸಿಯಿತು. ಕಲ್ಲಾಗಿ ಹೋದ ತಲೆಬುರುಡೆಯೊಂದು ಹೊರಬಂತು. ಆನೆ ಅದರ ಬಾಯೊಳಗೆ ಮಲಗಿ ಮಗ್ಗುಲು ಬದಲಿಸಬಹುದಿತ್ತು. ನಂಬದಿದ್ದರೆ ಆನೆಯನ್ನೇ ಕೇಳಿ. ಬಾಯಿ ತುಂಬ ಗರಗಸದಂಥ ಹಲ್ಲು.

ಬೆಳಗಾಗುವುದರೊಳಗೆ ಕತ್ತೆಕಿರುಬ ಅದರ ಮೇಲೆ ಹತ್ತಿ ಕೂತಿತ್ತು. "ಇದು ನನ್ನ ಮುತ್ತಾತನ ತಲೆ. ನನ್ನ ಹಲ್ಲು ನೋಡಿ, ಅವನ ಹಲ್ಲು ನೋಡಿ. ಏ ನೀರುನಾಯಿ, ಸಂಜೆಯೊಳಗೆ ಬಿಲ ಖಾಲಿ ಮಾಡು. ಮರಿಗಳನ್ನು ಬೇಕಾದರೆ ಬಿಟ್ಟು ಹೋಗು, ನಾನು ನೋಡ್ಕೋತೀನಿ."

ಆ ಕೊನೆಯ ಮಾತು ನೀರುನಾಯಿಗೆ ಸರಿಕಾಣಲಿಲ್ಲ. ಬುರುಡೆಯನ್ನು ಸುತ್ತಿ ಸುತ್ತಿ ಮೂಸಿತು. ಎಲ್ಲ ಕಡೆ ಒಣಕಲ್ಲು. ಕಿರುಬ ಕೂತ ಕಡೆ ಮಾತ್ರ ಹಸಿಮಣ್ಣಿನ ವಾಸನೆ.

"ಕಿರುಬಣ್ಣ, ಸ್ವಲ್ಪ ಏಳ್ತೀಯಾ?"

"ಹಿರಿಯರ ತಲೆ ಕಾಯ್ತಾ ಇದ್ದೀನಿ. ಏಳೋಕಾಗಲ್ಲ."

"ಹಿರಿಯರ ತಲೆ ಮೇಲೆ ಯಾರಾದರೂ ಕುಂಡೆ ಊರ್ತಾರಾ?"

ಸುತ್ತ ನೆರೆದ ಪ್ರಾಣಿಗಳು ಕಿಸಕ್ಕನೆ ನಕ್ಕವು. ನ್ಯಾಯ ಹೇಳಲು ಬಂದಿದ್ದ ಕರಡಿಯಜ್ಜ ಗುರುಗುಟ್ಟಿತು. ಕಿರುಬ ಇಳಿಯಲೇಬೇಕಾಯಿತು. ನೀರುನಾಯಿ ಮಣ್ಣು ಕೆದರಿತು. ಕೆಳಗೊಂದು ತೂತು.

"ಅಜ್ಜ, ಇದು ಮೂಗಿನ ಹೊಳ್ಳೆ. ಯಾರೋ ಮಣ್ಣು ಮೆತ್ತಿ ಮುಚ್ಚಿದ್ದಾರೆ. ಮೂತಿಯ ತುದಿ ಬಿಟ್ಟು ಹಣೆಯ ಕಡೆ ಹೊರಟ ಮೂಗು ಕಿರುಬನಿಗೆಲ್ಲಿದೆ? ಇದು ತಿಮಿಂಗಿಲದ ಕುಲ."

"ತಿಮಿಂಗಿಲಕ್ಕೆ ಹಲ್ಲೆಲ್ಲಿದೆ?" ಎಂದಿತು ಕಿರುಬ. "ಅದರ ಬಾಯಲ್ಲಿರೋದು ಪೊರಕೆ."

ದಡದ ಹತ್ತಿರವೇ ಈಜುತ್ತಿದ್ದ ತಿಮಿಂಗಿಲ ತಲೆ ಎತ್ತಿತು. "ಪೊರಕೆನೇ ಕಣಪ್ಪ. ಅದರಲ್ಲೇ ಸಿಗಡಿ ಗುಡಿಸಿ ತಿನ್ನೋದು. ಆದರೂ ನಮ್ಮ ಮಕ್ಕಳಿಗೆ ಹೊಟ್ಟೆಯಲ್ಲಿರುವಾಗ ಹಲ್ಲು ಮೊಳೆಯುತ್ತೆ, ಹುಟ್ಟೋ ಮುಂಚೆ ಕರಗುತ್ತೆ. ಹಳಬರಿಗೆ ಕರಗದೆ ಉಳಿದಿತ್ತು. ಆ ಬುರುಡೆ ನನ್ನ ಮುತ್ತಜ್ಜಿದು."

"ನನ್ನ ಮುತ್ತಾತನ ಮೂಗೂ ಅಲ್ಲೇ ಇತ್ತು," ಕಿರುಬ ಸೋಲೊಪ್ಪಲಿಲ್ಲ.

"ಹೌದಾ?" ಎಂದಿತು ಕರಡಿಯಜ್ಜ. "ಹಾಗಾದರೆ ಮೂತಿ ನೀರಲ್ಲಿ ಅದ್ದಿ, ಹಣೆಯಿಂದ ಉಸಿರಾಡಿ ತೋರಿಸು."

ಎಲ್ಲವೂ ನೋಡುತ್ತಿದ್ದವು. ಕಿರುಬ ಅಲೆಗೆ ಮೂತಿ ಕೊಟ್ಟಿತು. ಮೂಗಿಗೆ ನುಗ್ಗಿದ ಉಪ್ಪುನೀರಿಗೆ ಅದು ಸೀನಿದ ಸೀನಿಗೆ ಆಚೆ ಗುಡ್ಡದ ಕಾಗೆಗಳೂ ಹಾರಿದವು. ಸೀನುತ್ತಲೇ ಓಡಿತು, ಆ ಕಾಡಿನಲ್ಲಿ ಮತ್ತೆ ಕಾಣಲಿಲ್ಲ.

"ನೆಲ ನನಗ್ಯಾಕೆ ತಾಯಿ, ನೀನೇ ಇರು," ಎಂದು ತಿಮಿಂಗಿಲ ಮುಳುಗಿತು.

ನೀರುನಾಯಿ ಬಿಲಕ್ಕೆ ಹೋಗಿ ಮರಿಗಳಿಗೆ ಹಾಲೂಡಿಸಿತು. ಆದರೂ ಬಿಲದ ಬಾಯಿಗೆ ಮುಖ ಮಾಡಿಯೇ ಮಲಗಿತು.

ನೀತಿ: ಹಕ್ಕು ಸಾಧಿಸಲು ಬಂದವನು ಏನು ತೋರಿಸುತ್ತಾನೆ ಎಂಬುದಕ್ಕಿಂತ ಏನನ್ನು ಮುಚ್ಚಿಡುತ್ತಾನೆ ಎಂಬುದನ್ನು ಮೊದಲು ನೋಡಬೇಕು.