ದಳಪತಿ ಟಗರಿನ ಪದಕ

ತೋಳರಾಜನ ಸೈನ್ಯದಲ್ಲಿ ಒಂದು ಟಗರು ಹತ್ತು ವರ್ಷ ದಳಪತಿಯಾಗಿತ್ತು. ಪ್ರತಿ ಹಬ್ಬಕ್ಕೂ ಮಂದೆಯ ಒಂದು ಕುರಿಯ ಕೊರಳಿಗೆ ಕೆಂಪು ಪಟ್ಟಿ ಕಟ್ಟಿ ಅರಮನೆಯ ಅಡುಗೆಮನೆಗೆ ಕಳಿಸುವುದೇ ಅದರ ಕೆಲಸ. "ಹೆದರಬೇಡ, ಇದು ದೊಡ್ಡ ಮರ್ಯಾದೆ" ಎಂದು ಕುರಿಗೆ ಹೇಳುವುದು. ಅದು ಮರೆಯಾದ ಮೇಲೆ "ಸದ್ಯ, ನಾನಲ್ಲ" ಎಂದು ಉಸಿರು ಬಿಡುವುದು.

ಮಂದೆಯ ಕೊನೆಯ ಕುರಿಯೂ ಹೋದ ಮರುದಿನ ಅರಮನೆಯಿಂದ ಕರೆ ಬಂತು. ದೀರ್ಘ ನಿಷ್ಠೆಗೆ ಪದಕವಂತೆ! ಟಗರು ಕೊಂಬಿಗೆ ಎಣ್ಣೆ ಹಚ್ಚಿಕೊಂಡು ಹೋಗಿ ರಾಜನೆದುರು ತಲೆಬಾಗಿ ನಿಂತಿತು. ಕೊರಳಿಗೆ ಬಿದ್ದ ಪದಕದ ಪಟ್ಟಿ ಕೆಂಪಗಿತ್ತು.

"ಮಹಾಪ್ರಭು, ನನ್ನ ಸೇವೆಯಲ್ಲಿ ಏನಾದರೂ ತಪ್ಪಾಯಿತೇ?"

"ಒಂದೂ ಇಲ್ಲ, ದಳಪತಿ" ಎನ್ನುತ್ತ ತೋಳರಾಜ ಗಂಟು ಬಿಗಿದ. "ಹೆದರಬೇಡ, ಇದು ದೊಡ್ಡ ಮರ್ಯಾದೆ."