ಮಠದ ಕಾರಿನ ಗೇರು

ಕಪಿಲಾ ನದಿಯ ದಂಡೆಯಲ್ಲಿ ಒಂದು ಪುಟ್ಟ ಮಠ. ಅಲ್ಲಿದ್ದದ್ದು ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಕಾರು.

ಗುರುಗಳ ಹೆಸರು ನಾಗಲಿಂಗ ಸ್ವಾಮಿಗಳು. ಎಪ್ಪತ್ತೆಂಟು ವರ್ಷ, ಮಂಡಿನೋವು, ಮಾತು ಕಡಿಮೆ. ಸುತ್ತಲಿನ ಊರಿನವರಿಗೆಲ್ಲ ಅವರು 'ಬುದ್ಧಿ'. ಆ ಕಡೆ ಸ್ವಾಮಿಗಳನ್ನು ಕರೆಯುವುದೇ ಹಾಗೆ.

ಶಿಷ್ಯ ಶಾಂತಮಲ್ಲಪ್ಪ. ಇಪ್ಪತ್ತೆರಡು ವರ್ಷ ಲಾರಿ ಓಡಿಸಿ, ಸಾಕಪ್ಪಾ ಸಾಕು ಎನಿಸಿ, ಐವತ್ತರ ಹತ್ತಿರ ಬಂದು ಮಠ ಸೇರಿದವನು. ಲಾರಿ ಬಿಟ್ಟು ಬಂದಿದ್ದನೇ ಹೊರತು ಲಾರಿಯ ಚಾಳಿ ಬಿಟ್ಟು ಬಂದಿರಲಿಲ್ಲ.

ಕಾರು ಭಕ್ತರೊಬ್ಬರು ಕೊಟ್ಟದ್ದು. ತಾವು ಏಳೆಂಟು ವರ್ಷ ಓಡಿಸಿ, ಬುದ್ಧಿಯವರು ಕುಂಟುವುದನ್ನು ನೋಡಲಾರದೆ ತಂದು ಒಪ್ಪಿಸಿದ್ದರು. ಆಟೋಮ್ಯಾಟಿಕ್ ಗಾಡಿ. ಕ್ಲಚ್ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ.

"ಎಡಗಾಲ್ಗೆ ಕೆಲ್ಸವೇ ಇಲ್ವಲ್ಲ ಬುದ್ಧಿ, ಇದ್ಯಾವ ಸೀಮೆ ಗಾಡಿ?" ಎಂದ ಶಾಂತಮಲ್ಲಪ್ಪ, ಮೊದಲ ದಿನವೇ.

"ಸುಮ್ನಿರೋದ ನಿನ್ನ ಎಡಗಾಲಾದ್ರೂ ಕಲೀಲಿ ಬುಡು," ಎಂದರು ಬುದ್ಧಿ.

ಆಹಾ ಎಂದುಕೊಂಡ ಶಾಂತಮಲ್ಲಪ್ಪ. ಅವನ ಹತ್ತಿರ ಒಂದು ನೋಟ್‌ಪುಸ್ತಕವಿತ್ತು. ಬುದ್ಧಿಯವರ ಬಾಯಿಂದ ಬಿದ್ದದ್ದನ್ನೆಲ್ಲ ಅದರಲ್ಲಿ ಬರೆದಿಟ್ಟುಕೊಂಡು, ಸೋಮವಾರ ಬರುವ ಭಕ್ತರಿಗೆ ಓದಿ ಹೇಳುವುದು ಅವನ ಪಾಲಿನ ಸೇವೆ. ಇದೂ ಅಲ್ಲಿ ಸೇರಿತು.

ಮಠದ ಮುಂದಿನ ಜಾಗ ಇಕ್ಕಟ್ಟು. ಕಾರನ್ನು ಮುಂದಕ್ಕೆ ತಂದು, ಹಿಂದಕ್ಕೆ ತೆಗೆದು, ಮತ್ತೆ ಮುಂದಕ್ಕೆ ತಂದು ನಿಲ್ಲಿಸಬೇಕು. ಶಾಂತಮಲ್ಲಪ್ಪನದು ಚುರುಕು ಕೈ. ಗಾಡಿ ಇನ್ನೂ ಮುಂದಕ್ಕೆ ಉರುಳುತ್ತಿರುವಾಗಲೇ ರಿವರ್ಸಿಗೆ ಎಳೆದುಬಿಡುತ್ತಿದ್ದ. ಒಳಗಿನಿಂದ ಕಟಕ್ ಎಂದು ಸದ್ದು ಬರುತ್ತಿತ್ತು.

ಒಂದು ದಿನ ಹಿಂದಿನ ಸೀಟಿನಿಂದ ಬುದ್ಧಿ ಕೇಳಿದರು. "ಎತ್ಲಾಗ್ ಹೊಂಟೆ ಮಲ್ಲಪ್ಪ?"

"ಹಿಂದಕ್ಕೆ ಬುದ್ಧಿ."

"ಮುಂದಕ್ಕೆ ಹೋಗೋದು ಮುಗೀತಾ?"

ಶಾಂತಮಲ್ಲಪ್ಪ ನಕ್ಕ. ಬುದ್ಧಿಯವರು ನಗಲಿಲ್ಲ.

"ನಡುವೆ ನಿಲ್ಲೋದು ಅಂತ ಒಂದೈತೆ ಕಣಪ್ಪ."

ಆ ಸೋಮವಾರ ಅವನು ಭಕ್ತರಿಗೆ ಈ ಮಾತನ್ನು ಅರ್ಧ ಗಂಟೆ ಬಿಡಿಸಿ ಹೇಳಿದ. ಹುಟ್ಟು, ಸಾವು, ನಡುವಿನ ನಿಲುಗಡೆ ಎಂದೆಲ್ಲ. ಒಂದಿಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಸಂಜೆ ಕಾರು ತೆಗೆಯುವಾಗ ಮತ್ತೆ ಕಟಕ್ ಎಂದಿತು.

ಇನ್ನೊಂದು ಸಲ ಗುಡ್ಡದ ಮೇಲಿನ ಗುಡಿಗೆ ಹೋಗಿ ಇಳಿಯುತ್ತಿದ್ದರು.

"ಇಂಜಿನ್ ಸದ್ದೇ ಇಲ್ವಲ್ಲ?" ಎಂದರು ಬುದ್ಧಿ.

"ನ್ಯೂಟ್ರಲ್ ಮಾಡಿವ್ನಿ ಬುದ್ಧಿ. ಇಳಿಜಾರಲ್ಲಿ ಬುಟ್ಬುಟ್ರೆ ತಾನೇ ಉರುಳ್ಕೊಂಡು ಹೋಯ್ತದೆ. ಮಠದ ಪೆಟ್ರೋಲು ಉಳೀತದೆ."

ಲಾರಿಯಲ್ಲಿ ಇಪ್ಪತ್ತೆರಡು ವರ್ಷ ಹಾಗೆಯೇ ಇಳಿದಿದ್ದ. ಗುಡ್ಡದ ಬುಡ ಬಂದಾಗ, ಓಡುವ ಗಾಡಿಯಲ್ಲೇ ಗೇರಿಗೆ ಹಾಕಿದ. ಕಾರು ಬೆಚ್ಚಿದಂತೆ ಒಮ್ಮೆ ಜಗ್ಗಿತು. ಬುದ್ಧಿಯವರ ಹಣೆ ಮುಂದಿನ ಸೀಟಿಗೆ ತಾಗಿತು. ಅವರು ಹಣೆ ಉಜ್ಜಿಕೊಂಡರು.

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೊಳೆಯ ಮೆಟ್ಟಿಲು ಇಳಿಯುವಾಗ ಶಾಂತಮಲ್ಲಪ್ಪ ಎಂದಿನಂತೆ ಬುದ್ಧಿಯವರ ಕೈ ಹಿಡಿದಿದ್ದ. ನಾಲ್ಕು ಮೆಟ್ಟಿಲು ಇಳಿದ ಮೇಲೆ ಅವರು ನಿಂತರು.

"ಕೈ ಬುಡು."

"ಬಿದ್ದೋಯ್ತೀರಿ ಬುದ್ಧಿ."

"ಇಳಿಜಾರಲ್ವಾ? ತಾನೇ ಉರುಳ್ಕೊಂಡು ಹೋಯ್ತೀನಿ. ನಿನ್ನ ಶಕ್ತಿ ಉಳೀತದೆ."

ಶಾಂತಮಲ್ಲಪ್ಪ ಬಿಡಲಿಲ್ಲ. ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ.

"ಹತ್ತುವಾಗ ಬುಟ್ರೂ ಬುಡು. ಇಳಿಯುವಾಗ ಹಿಡ್ಕೊಂಡಿರು," ಎಂದರು ಬುದ್ಧಿ.

ಅವನ ಕಣ್ಣು ತುಂಬಿ ಬಂತು. ವಯಸ್ಸಾದ ಗುರುಗಳು ತನ್ನ ಆಸರೆ ಬೇಡುತ್ತಿದ್ದಾರೆ ಎಂದುಕೊಂಡ. ಅದನ್ನೂ ಬರೆದುಕೊಂಡ, ಕೆಳಗೆ ಎರಡು ಗೆರೆ ಬೇರೆ ಎಳೆದ. ಗುಡ್ಡ ಇಳಿಯುವಾಗ ನ್ಯೂಟ್ರಲ್ ಮಾಡುವುದು ಮಾತ್ರ ತಪ್ಪಲಿಲ್ಲ.

ಪೇಟೆಯಲ್ಲಿ ಜಬೀವುಲ್ಲಾ ಎಂಬ ಮೆಕ್ಯಾನಿಕ್ ಇದ್ದ. ಬ್ರೇಕು ತೋರಿಸಲು ಹೋದಾಗ ಅವನು ಗೇರ್ ಆಯಿಲಿನ ಕಡ್ಡಿ ಎಳೆದು, ಬೆರಳಿಗೆ ಸವರಿಕೊಂಡು ಮೂಸಿದ.

"ಮಲ್ಲಪ್ಪಣ್ಣ, ಇದು ಸುಟ್ಟ ವಾಸ್ನೆ ಹೊಡೀತಾ ಐತೆ. ಬದಲಾಯಿಸ್ಬೇಕು."

"ಬದಲಾಯಿಸೋ ಹಂಗೇ ಇಲ್ವಂತೆ ಕಣಯ್ಯ. ಇದು ಜೀವಮಾನಕ್ಕೆ ಸಾಕಾಗೋ ಆಯಿಲು ಅಂತ ಗಾಡಿ ಕೊಟ್ಟೋರು ಹೇಳವ್ರೆ."

"ಯಾರ ಜೀವಮಾನ ಅಂತ ಕೇಳಿದ್ರಾ?"

ಶಾಂತಮಲ್ಲಪ್ಪ ಜೇಬು ತಡಕಿದ. ನೋಟ್‌ಪುಸ್ತಕ ಮಠದಲ್ಲೇ ಉಳಿದಿತ್ತು.

"ಅರ್ಧ ದಿನದ ಕೆಲ್ಸ ಅಷ್ಟೆ. ಬುಟ್ಟೋಗಿ," ಎಂದ ಜಬೀವುಲ್ಲಾ.

"ಕಾರ್ತಿಕ ಪೂಜೆ ಮುಗೀಲಿ, ತತ್ತೀನಿ."

ಕಾರ್ತಿಕ ಮುಗಿಯಿತು. ಶಿವರಾತ್ರಿಯೂ ಮುಗಿಯಿತು. ಕಾರು ಓಡುತ್ತಲೇ ಇತ್ತಲ್ಲ, ಯಾರಿಗೆ ನೆನಪು?

ಯುಗಾದಿ ಕಳೆದು ಮೂರು ದಿನಕ್ಕೆ ಮಠಕ್ಕೆ ಒಂದು ಫೋನು ಬಂತು. ಒಬ್ಬ ಹೆಂಗಸು ಅಳುತ್ತ ಮಾತಾಡಿದಳು. ಶಾಂತಮಲ್ಲಪ್ಪ ಬಂದು ಬುದ್ಧಿಯವರ ಮುಂದೆ ನಿಂತ.

"ಸುಂದ್ರಮ್ಮ ಅಂತೆ ಬುದ್ಧಿ. ಚನ್ನಾಜಮ್ಮನವರ ಮಗಳಂತೆ. ಅವರ ತಾಯಿಗೆ ಇವತ್ತು ದಾಟೋದು ಕಷ್ಟ ಅಂದ್ರು. ಬಾಯಲ್ಲಿ ನಿಮ್ಮ ಹೆಸರೇ ಅಂತೆ."

ಬುದ್ಧಿಯವರು ಕೂತಲ್ಲೇ ಕಣ್ಣು ಮುಚ್ಚಿದರು.

"ಗಾಡಿ ತೆಗಿ," ಎಂದರು.

ಆ ಊರು ಗುಡ್ಡದ ಆಚೆಗೆ, ಎರಡು ಗಂಟೆ ದಾರಿ. ಅರ್ಧ ದಾರಿ ಕಳೆಯಿತು. ಆಮೇಲೆ ಬುದ್ಧಿಯವರು ತಾವಾಗಿಯೇ ಬಾಯಿ ಬಿಟ್ಟರು.

"ಚನ್ನಾಜಮ್ಮ ನಮ್ಮಕ್ಕ ಕಣಪ್ಪ. ಅವ್ವ ಸತ್ತಾಗ ನಂಗೆ ನಾಕು ವರ್ಷ, ಅಕ್ಕನಿಗೆ ಹನ್ನೊಂದು. ನನ್ನ ಸೊಂಟದ ಮೇಲೆ ಕೂರಿಸ್ಕೊಂಡೇ ಒಲೆ ಉರಿಸೋಳು."

"ನೀವು ಮಠಕ್ಕೆ ಬಂದ್ ಮ್ಯಾಕೆ ಅಲ್ಲಿಗೆ ಹೋಗಿದ್ರಾ ಬುದ್ಧಿ?"

"ಇಲ್ಲ. ಕಾವಿ ಉಟ್ಟ ದಿನ, ಹಬ್ಬಕ್ಕಾದ್ರೂ ಬಾ ಕಂದ ಅಂದ್ಲು. ಆ ಹೊಸ್ಲು ಇನ್ನು ತುಳಿಯಲ್ಲ ಅಂದೆ. ಮೂವತ್ತೆಂಟು ವರ್ಷ ಆಯ್ತು."

"ಮಠದ ಕಟ್ಟಳೆಯಾ?"

"ಮಠ ಏನೂ ಹೇಳ್ಲಿಲ್ಲ. ನಾನೇ ಹಾಕ್ಕೊಂಡಿದ್ದು."

"ಯಾಕ್ ಬುದ್ಧಿ?"

ಬುದ್ಧಿಯವರು ಕಿಟಕಿಯ ಆಚೆ ನೋಡಿದರು.

"ಜನ ಮೆಚ್ತಿದ್ರು," ಎಂದರು.

ಶಾಂತಮಲ್ಲಪ್ಪ ವೇಗ ಹೆಚ್ಚಿಸಿದ. ಅಷ್ಟರಲ್ಲಿ ಗುಡ್ಡದ ದಿಣ್ಣೆ ಬಂತು.

ಅರ್ಧ ದಿಣ್ಣೆ ಹತ್ತುವಷ್ಟರಲ್ಲಿ ಕಾರು ಸೋತಿತು. ಇಂಜಿನ್ ಕೂಗುತ್ತಿತ್ತು, ಚಕ್ರ ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಅವನು ಇನ್ನಷ್ಟು ಒತ್ತಿದ. ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ರಿವರ್ಸಿಗೆ ಎಳೆದ, ಮುಂದಕ್ಕೆ ದೂಡಿದ, ಮತ್ತೆ ರಿವರ್ಸಿಗೆ ಎಳೆದ. ಕಡೆಗೆ ಯಾವ ಗೇರಿಗೂ ಗಾಡಿ ಅಲುಗಲಿಲ್ಲ.

ಜಬೀವುಲ್ಲಾನಿಗೆ ಫೋನು ಹಚ್ಚೋಣವೆಂದರೆ ಆ ಗುಡ್ಡದಲ್ಲಿ ಸಿಗ್ನಲ್ ಇಲ್ಲ. ದಾರಿಯಲ್ಲಿ ನರಪಿಳ್ಳೆಯೂ ಇಲ್ಲ. ಶಾಂತಮಲ್ಲಪ್ಪ ಒಮ್ಮೆ ಮೇಲಕ್ಕೆ ಓಡಿ ನೋಡಿದ, ಒಮ್ಮೆ ಕೆಳಕ್ಕೆ ಓಡಿ ನೋಡಿದ. ಬುದ್ಧಿಯವರು ಇಳಿದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು.

"ನಡೀಬೋದಾ?" ಎಂದರು.

"ಹದಿನೆಂಟು ಮೈಲಿ ಬುದ್ಧಿ. ನಿಮ್ಮ ಮಂಡೀಲಿ ಆಗಲ್ಲ."

ಅವರು ತಲೆಯಾಡಿಸಿದರು. ಆಮೇಲೆ ಒಂದು ಮಾತೂ ಆಡಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎನಿಸಿತು ಶಾಂತಮಲ್ಲಪ್ಪನಿಗೆ. ಅವರ ಮುಖ ನೋಡುವ ಧೈರ್ಯವಾಗದೆ ಕಾರಿನ ಹಿಂದೆ ಹೋಗಿ ನಿಂತ.

ಮೂರು ಗಂಟೆ ಕಾದ ಮೇಲೆ ಒಂದು ಹಾಲಿನ ವ್ಯಾನು ಬಂತು. ಖಾಲಿ ಕ್ಯಾನುಗಳ ನಡುವೆ ಒಂದು ಗೋಣಿಚೀಲ ಹಾಸಿ ಗುರುಗಳನ್ನು ಕೂರಿಸಿದ.

ಅವರು ಆ ಮನೆ ಮುಟ್ಟಿದಾಗ ಅಂಗಳದಲ್ಲಿ ಜನ ಸೇರಿದ್ದರು. ಸುಂದ್ರಮ್ಮ ಓಡಿ ಬಂದು ಕಾಲಿಗೆ ಬಿದ್ದಳು.

"ಜೀವ ಹೋಗಿ ಈಗೊಂದು ಗಂಟೆ ಆಯ್ತು ಬುದ್ಧಿ. ಬಾಗ್ಲ ಹಾಕ್ಬ್ಯಾಡಿ ಅಂತಿತ್ತು ಅವ್ವ. ರಸ್ತೇಲಿ ಗಾಡಿ ಸದ್ದಾದಾಗೆಲ್ಲ, ಬಂದ್ನಾ ಅಂತ ಕೇಳ್ತಿತ್ತು."

ಶಾಂತಮಲ್ಲಪ್ಪ ಬೇಡವೆಂದರೂ ಮನಸ್ಸು ಲೆಕ್ಕ ಹಾಕಿತು. ಆ ಮೂರು ಗಂಟೆ ಕೈಬಿಟ್ಟು ಹೋಗದಿದ್ದರೆ ಅಕ್ಕ ತಮ್ಮ ಎರಡು ಗಂಟೆ ಒಟ್ಟಿಗೆ ಕೂತಿರುತ್ತಿದ್ದರು.

ಚನ್ನಾಜಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ತೀರಿಕೊಂಡವರ ತಲೆಯ ಮೇಲೆ ಸ್ವಾಮಿಗಳು ಪಾದವಿಟ್ಟು ಕಳಿಸಿಕೊಡುವುದು ಆ ಜನರ ವಾಡಿಕೆ.

"ಪಾದ ಮಡಗಿ ಬುದ್ಧಿ," ಎಂದರು ಊರ ಹಿರಿಯರೊಬ್ಬರು.

ಬುದ್ಧಿಯವರು ಪಾದ ಇಡಲಿಲ್ಲ. ಶಾಂತಮಲ್ಲಪ್ಪನ ಭುಜಕ್ಕೆ ಕೈ ಕೊಟ್ಟು, ಬಗ್ಗದ ಮಂಡಿಯನ್ನು ಬಗ್ಗಿಸಿ ನೆಲಕ್ಕೆ ಕೂತರು. ಅಕ್ಕನ ಮಡಚಿದ ಪಾದಗಳ ಮೇಲೆ ಹಣೆಯಿಟ್ಟರು. ಜನ ಮುಖ ಮುಖ ನೋಡಿಕೊಂಡರು. ಸ್ವಾಮಿಗಳು ಹೀಗೆ ಮಾಡಬಹುದೇ ಎಂದು ಯಾರೋ ಪಿಸುಗುಟ್ಟಿದರು. ಅವರನ್ನು ಎಬ್ಬಿಸಲು ಯಾರಿಗೂ ಮನಸ್ಸು ಬರಲಿಲ್ಲ.

ವಾರ ಕಳೆದು ಶಾಂತಮಲ್ಲಪ್ಪ ಜಬೀವುಲ್ಲಾನ ಗ್ಯಾರೇಜಿಗೆ ಹೋದ. ಗೇರ್‌ಬಾಕ್ಸು ಬಿಚ್ಚಿ ಹಾಕಿತ್ತು. ಕೆಂಪಗಿರಬೇಕಾದ ಎಣ್ಣೆ ಡಬ್ಬಿಯಲ್ಲಿ ಕಷಾಯದ ಹಾಗೆ ಕಪ್ಪಗಿತ್ತು.

"ನೋಡಿ ಮಲ್ಲಪ್ಪಣ್ಣ, ಪ್ಲೇಟೆಲ್ಲ ಸುಟ್ಟೋಗವೆ. ಗಾಡಿ ಪೂರ್ತಿ ನಿಲ್ಲದೆ ರಿವರ್ಸ್ ಹಾಕ್ತಿದ್ರಾ?"

"ಹೂಂ."

"ಇಳಿಜಾರಲ್ಲಿ ನ್ಯೂಟ್ರಲ್ಲು?"

"ಹೂಂ."

"ಇಳಿಜಾರಲ್ಲಿ ನ್ಯೂಟ್ರಲ್ ಮಾಡಿದ್ರೆ ಇದರೊಳಗೆ ಎಣ್ಣೆ ಸರಿಯಾಗಿ ಓಡಾಡಲ್ಲ. ಆಮೇಲೆ ಓಡ್ತಾ ಓಡ್ತಾನೇ ಗೇರಿಗೆ ಹಾಕಿದ್ರೆ ಪೆಟ್ಟೆಲ್ಲ ಪ್ಲೇಟಿನ ಮ್ಯಾಲೆ. ಹೊಸ ಎಣ್ಣೆ ಹಾಕಿ, ನಿಧಾನಕ್ಕೆ ಓಡಿಸಿದ್ರೆ ಇನ್ನೂ ಹತ್ತು ವರ್ಷ ಬಾಳೋದು. ಯಾರೂ ಹೇಳ್ಲಿಲ್ವಾ ನಿಮಗೆ?"

"ಹೇಳಿದ್ರು."

"ಮತ್ತೆ?"

"ಬರ್ಕೊಂಡೆ," ಎಂದ ಶಾಂತಮಲ್ಲಪ್ಪ.

ಜಬೀವುಲ್ಲಾನಿಗೆ ಏನೂ ಅರ್ಥವಾಗಲಿಲ್ಲ. ಶಾಂತಮಲ್ಲಪ್ಪ ಅಲ್ಲೇ ಒಂದು ಹಳೆಯ ಟೈರಿನ ಮೇಲೆ ಕೂತು, ಐವತ್ತಾರರ ಗಂಡಸು, ಮುಖ ಮುಚ್ಚಿಕೊಂಡು ಅತ್ತ.

ಕಾರು ರಿಪೇರಿಯಾಗಿ ಮಠಕ್ಕೆ ಬಂದ ದಿನ ಬುದ್ಧಿಯವರು ಹೊಳೆಯ ದಂಡೆಯ ಹೊಂಗೆ ಮರದ ಕೆಳಗೆ ಕೂತಿದ್ದರು. ಶಾಂತಮಲ್ಲಪ್ಪ ಹೋಗಿ ಎದುರಿಗೆ ನಿಂತ.

"ಬುದ್ಧಿ, ಒಂದ್ ಕೇಳ್ಲಾ?"

"ಕೇಳು."

"ಗಾಡಿ ಮಾತ ಗಾಡಿ ಮಾತು ಅಂತ್ಲೇ ಹೇಳ್ಬೋದಿತ್ತಲ್ಲ? ಮಲ್ಲಪ್ಪ, ಗೇರು ಹಾಳಾಯ್ತದೆ, ಹಂಗ್ ಮಾಡ್ಬ್ಯಾಡ ಅಂತ?"

ಬುದ್ಧಿಯವರು ಹೊಳೆಯ ಕಡೆ ನೋಡುತ್ತಿದ್ದರು.

"ಹೇಳ್ಬೋದಿತ್ತು," ಎಂದರು. "ನೀನು ಬರ್ಕೊಳ್ಳೋದ ನೋಡೋಕೆ ನಂಗೂ ಖುಷಿ ಆಯ್ತಿತ್ತು."

ಗುರುಗಳ ಬಾಯಿಂದ ಇಂಥ ಮಾತು ಬರಬಹುದು ಎಂದು ಶಾಂತಮಲ್ಲಪ್ಪ ಎಣಿಸಿರಲಿಲ್ಲ. ಅವನು ನೆಲಕ್ಕೆ ಕೂತ.

"ತಪ್ಪು ನಂದೇ ಬುದ್ಧಿ. ಅರ್ಧ ದಿನ ಗ್ಯಾರೇಜಿಗೆ ಬುಟ್ಟಿದ್ರೆ ಸಾಕಾಗಿತ್ತು. ಅಕ್ಕನವರು ಬಾಗ್ಲು ನೋಡ್ಕೊಂಡೇ ಹೋದ್ರು. ಕಣ್ಣು ಮುಚ್ಚಿದ್ರೆ ಆ ದಿಣ್ಣೇನೇ ಕಾಣ್ತದೆ, ಅನ್ನ ಗಂಟಲಲ್ಲಿ ಇಳೀತಿಲ್ಲ. ಆವತ್ತಿಂದ ನೀವು ಒಂದು ಮಾತೂ ಅಂದಿಲ್ಲ. ನಿಮ್ಮ ದಮ್ಮಯ್ಯ, ಬಯ್ದ್‌ಬುಡಿ ಬುದ್ಧಿ."

ಬುದ್ಧಿಯವರು ಅವನ ತಲೆಯ ಮೇಲೆ ಕೈಯಿಟ್ಟರು.

"ಆ ದಿಣ್ಣೆ ಹತ್ತೋಕೆ ನಾನೇ ಮೂವತ್ತೆಂಟು ವರ್ಷ ತಕ್ಕೊಂಡೆ ಮಗಾ. ನಿನ್ನ ಗಾಡೀನ ಯಾವ ಬಾಯಲ್ಲಿ ಬಯ್ಲಿ?"