ಎತ್ತಿದ ಬೆರಳು

ಪಾಸ್ಕಲ್ ಮಾಸ್ತರರಿಗೆ ಆ ಶಿಬಿರಕ್ಕೆ ಹೋಗುವ ಮನಸ್ಸಿರಲಿಲ್ಲ. ಬರುವುದಿಲ್ಲ ಎಂದು ಹೇಳಿ, ಅದಕ್ಕೆ ಕಾರಣ ಕೊಟ್ಟು, ಕರೆದವರನ್ನು ಸಮಾಧಾನ ಮಾಡುವಷ್ಟು ತ್ರಾಣವೂ ಇರಲಿಲ್ಲ. ಹಾಗಾಗಿ ಹೋದರು.

ಅವರ ಶಿಷ್ಯ ಭುಜಂಗನೂ ಜೊತೆಗೆ ಹೋದ. ಅವನು ಹೋಗದೆ ಮಾಸ್ತರರು ಎಲ್ಲಿಗೂ ಹೋಗುತ್ತಿರಲಿಲ್ಲ.

ಫಲ್ಗುಣಿ ನದಿಯ ದಡದಲ್ಲಿ, ಮುಚ್ಚಿಹೋದ ಹಂಚಿನ ಕಾರ್ಖಾನೆಯೊಂದರ ಉದ್ದನೆಯ ಮಾಡಿನ ಕೆಳಗೆ ಶಿಬಿರ. ಹಿಂದೆ ಹಸಿ ಹಂಚುಗಳನ್ನು ಒಣಗಿಸಲು ಸಾಲಾಗಿ ಇಡುತ್ತಿದ್ದ ಜಾಗದಲ್ಲಿ ಈಗ ಹುಡುಗ ಹುಡುಗಿಯರು ಗಿಟಾರ್ ಹಿಡಿದು ಕೂತಿದ್ದರು. ಎಲ್ಲರೂ ಜಾಝ್ ಕಲಿಯಲು ಬಂದವರು.

ಮಾಸ್ತರರು ಹರೆಯದಲ್ಲಿ ಮುಂಬಯಿಯ ಹೋಟೆಲುಗಳಲ್ಲಿ, ಹಡಗುಗಳಲ್ಲಿ ಜಾಝ್ ಗಿಟಾರ್ ನುಡಿಸಿದವರು. ಊರಿಗೆ ಮರಳಿದ ಮೇಲೆ ಬೇಕರಿಯೊಂದರ ಮಾಳಿಗೆಯಲ್ಲಿ ಪಾಠ ಹೇಳಿದರು. ಮೀಸೆ ಮೂಡುವ ವಯಸ್ಸಿನಲ್ಲಿ ಆ ಮಾಳಿಗೆಯ ಮೆಟ್ಟಿಲು ಹತ್ತಿದ ಭುಜಂಗ, ಮೀಸೆ ನರೆತರೂ ಇಳಿದು ಹೋಗಲಿಲ್ಲ.

ಜಾಝ್‌ನಲ್ಲಿ ಒಬ್ಬ ಒಂದು ಹಾಡಿನ ಧಾಟಿ ಎತ್ತಿಕೊಂಡು ತನಗೆ ತೋಚಿದಂತೆ ಬೆಳೆಸುತ್ತಾನೆ. ಇನ್ನೊಬ್ಬ ಹಿಂದೆ ಕೂತು ಅವನಿಗೆ ನೆಲ ಹಾಸಿಕೊಡುತ್ತಾನೆ. ಆಮೇಲೆ ಸರದಿ ಬದಲಾಗಬೇಕು.

ಈ ಇಬ್ಬರಲ್ಲಿ ಎರಡು ವರ್ಷಗಳಿಂದ ಸರದಿ ಬದಲಾಗಿರಲಿಲ್ಲ.

ಎರಡು ವರ್ಷಗಳ ಹಿಂದೆ ಮಾಸ್ತರರ ಎಡಗೈಗೆ ಪಾರ್ಶ್ವವಾಯು ತಟ್ಟಿ ಹೋಗಿತ್ತು. ಕೈ ಮರಳಿತು. ಉಂಗುರದ ಬೆರಳು ಮಾತ್ರ ಪೂರ್ತಿ ಮರಳಲಿಲ್ಲ. ಇದ್ದಕ್ಕಿದ್ದಂತೆ ತಂತಿ ಬಿಟ್ಟು ಮೇಲೆದ್ದು ಗಾಳಿಯಲ್ಲಿ ನಿಂತುಬಿಡುತ್ತಿತ್ತು.

ಅದು ಏಳುವ ಮೊದಲೇ ಭುಜಂಗನಿಗೆ ತಿಳಿಯುತ್ತಿತ್ತು. ಬಿಟ್ಟುಹೋಗುವ ಸ್ವರವನ್ನು ಹಿಂದಿನಿಂದ ಅವನೇ ನುಡಿಸಿಬಿಡುತ್ತಿದ್ದ. ಇಬ್ಬರದೂ ಗಿಟಾರ್. ಯಾರ ಸ್ವರ ಯಾವುದೆಂದು ಕೇಳುವವರಿಗೆ ತಿಳಿಯುತ್ತಿರಲಿಲ್ಲ.

ಈ ವಿಷಯವನ್ನು ಇಬ್ಬರೂ ಒಮ್ಮೆಯೂ ಮಾತಾಡಿರಲಿಲ್ಲ.

ಮೊದಲ ದಿನ ಬೆಳಿಗ್ಗೆ ಮಾಸ್ತರರು ನಿಧಾನದ ಒಂದು ಹಾಡು ನುಡಿಸಿದರು. ಹಡಗಿನ ದಿನಗಳಲ್ಲಿ ಯಾರಿಂದಲೋ ಕಲಿತದ್ದು. ಅದರ ಹೆಸರು ಅವರಿಗೇ ಮರೆತುಹೋಗಿತ್ತು.

ಮಕ್ಕಳು ಮಾಸ್ತರರ ಮುಖ ನೋಡುತ್ತಿದ್ದರು. ಭುಜಂಗ ಬೆರಳು ನೋಡುತ್ತಿದ್ದ.

ಧಾಟಿ ಏರುವ ಜಾಗ ಬಂತು. ಬೆರಳು ಎದ್ದಿತು. ಭುಜಂಗ ಸ್ವರ ಇಟ್ಟ. ಸ್ವಲ್ಪ ಮುಂದೆ ಮತ್ತೆ ಎದ್ದಿತು. ಮತ್ತೆ ಇಟ್ಟ. ಹಾಡು ಮುಗಿಯುವ ಹೊತ್ತಿಗೆ ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಚಪ್ಪಾಳೆ ಜೋರಾಗಿಯೇ ಬಿತ್ತು.

ಮುಂದಿನ ಸಾಲಿನಲ್ಲಿ ಕೂತಿದ್ದ ಅಶ್ವಿತಾ ಎಂಬ ಹುಡುಗಿ ಕೈ ಎತ್ತಿದಳು. ಅವಳ ಕಣ್ಣು ಚುರುಕು.

"ಸರ್, ಆ ಏರುವ ಜಾಗದಲ್ಲಿ ನೀವು ಒಂದು ಬೆರಳು ಎತ್ತಿ ಹಿಡಿಯುತ್ತೀರಿ. ಅದು ಯಾಕೆ?"

ಮಾಸ್ತರರು ಬಾಯಿ ತೆರೆದರು. ಅವರಿಗಿಂತ ಮೊದಲು ಭುಜಂಗನ ಮಾತು ಹೊರಬಿತ್ತು.

"ಅದು ಮಾಸ್ತರರ ಶೈಲಿ. ಅಲ್ಲಿ ಅವರು ಜಾಗ ಬಿಡ್ತಾರೆ. ನಾನು ಒಳಗೆ ಬರ್ತೇನೆ."

"ಓಹ್!" ಎಂದಳು ಅಶ್ವಿತಾ. ಅವಳ ಹಿಂದೆ ಕೂತವರೂ "ಓಹ್" ಎಂದರು.

ಮಾಸ್ತರರು ತೆರೆದ ಬಾಯಿಗೆ ನೀರಿನ ಲೋಟ ಹಿಡಿದರು. ನಿಧಾನವಾಗಿ ಪೂರ್ತಿ ಕುಡಿದು ಕೆಳಗಿಟ್ಟರು.

ಸಂಜೆ ಇಬ್ಬರೂ ನದಿಯ ದಡದಲ್ಲಿ ಕೂತರು. ನೀರು ಇಳಿದಿತ್ತು. ಹೆಂಗಸೊಬ್ಬಳು ಮೊಣಕಾಲು ನೀರಿನಲ್ಲಿ ಬಗ್ಗಿ ಚಿಪ್ಪಿ ಹೆಕ್ಕುತ್ತಿದ್ದಳು.

"ಸುಸ್ತಾಯ್ತಾ ಮಾಸ್ತರ್ರೇ?"

"ನಿನಗೆ ಆಗ್ಲಿಲ್ವಾ?"

"ನನಗೆಂಥ ಸುಸ್ತು? ನಾನು ಹಿಂದೆ ಕೂರುವವ."

"ಭುಜ ಕಿವಿಗೆ ಮುಟ್ಟಿಸಿಕೊಂಡು ಕೂತಿದ್ದೆ. ನೋಡಿದೆ ನಾನು."

ಭುಜಂಗ ಭುಜ ಇಳಿಸಿದ. ಆಗಲೂ ಅದು ಮೇಲೆಯೇ ಇತ್ತು ಎಂದು ಇಳಿಸಿದ ಮೇಲೆ ಗೊತ್ತಾಯಿತು.

ಮಾಸ್ತರರು ನೀರು ನೋಡುತ್ತಾ ಕೇಳಿದರು.

"ಇವತ್ತು ನೀನು ಎಂತ ಕೇಳಿಸಿಕೊಂಡೆ?"

"ನಿಮ್ಮನ್ನು."

"ನನ್ನನ್ನಾ? ನನ್ನ ಬೆರಳನ್ನಾ?"

ಆ ಪದ ಇಬ್ಬರ ನಡುವೆ ಬಂದದ್ದು ಅದೇ ಮೊದಲು. ಭುಜಂಗ ಚಿಪ್ಪಿ ಹೆಕ್ಕುವವಳ ಕಡೆ ತಿರುಗಿದ. ಮಾಸ್ತರರು ಎದ್ದು ಪ್ಯಾಂಟಿನ ಮರಳು ಕೊಡವಿದರು.

"ಊಟಕ್ಕೆ ಹೋಗುವ."

ಮರುದಿನ ಮಕ್ಕಳು ನುಡಿಸುವ ಸರದಿ. ನಿನ್ನೆ ಕೇಳಿದ ಹಾಡನ್ನೇ ಇಬ್ಬಿಬ್ಬರಾಗಿ ಬಂದು ನುಡಿಸಬೇಕು ಎಂದು ನಿಗದಿಯಾಗಿತ್ತು.

ಅಶ್ವಿತಾ ಮೊದಲು ಬಂದಳು. ಹಿಂದೆ ನುಡಿಸಲು ಒಬ್ಬ ಹುಡುಗ. ಚೆನ್ನಾಗಿ ನುಡಿಸುತ್ತಿದ್ದಳು. ಮಾಸ್ತರರು ತಲೆದೂಗಿದರು. ಭುಜಂಗ ಎಷ್ಟೋ ದಿನಗಳ ನಂತರ ಕುರ್ಚಿಗೆ ಬೆನ್ನು ಒರಗಿಸಿದ.

ಧಾಟಿ ಏರುವ ಜಾಗ ಬಂತು.

ಹುಡುಗಿ ಉಂಗುರದ ಬೆರಳನ್ನು ತಂತಿಯಿಂದ ಎತ್ತಿ ಗಾಳಿಯಲ್ಲಿ ಹಿಡಿದಳು. ಅವಳ ಸ್ವರ ನಿಂತಿತು. ಹಿಂದಿದ್ದ ಹುಡುಗ ಗಡಿಬಿಡಿಯಲ್ಲಿ ಆ ಸ್ವರ ಇಟ್ಟ.

ಭುಜಂಗನ ಬೆನ್ನು ಕುರ್ಚಿ ಬಿಟ್ಟಿತು.

ಎರಡನೆಯ ಜೋಡಿ ಬಂತು. ಅದೇ ಜಾಗದಲ್ಲಿ ಅದೇ ಬೆರಳು ಎದ್ದಿತು. ಆಮೇಲೆ ಬಂದ ಜೋಡಿಯಲ್ಲೂ ಎದ್ದಿತು. ಸರದಿಗೆ ಕಾದು ಕೂತವರು ಕೂಡ ಸದ್ದಿಲ್ಲದೆ ಗಿಟಾರಿನ ಕತ್ತಿನ ಮೇಲೆ ಬೆರಳು ಎತ್ತಿ ಇಳಿಸಿ ಅಭ್ಯಾಸ ಮಾಡುತ್ತಿದ್ದರು. ಮಾಡಿನ ಉದ್ದಕ್ಕೂ ಎಳೆಯ, ಗಟ್ಟಿಮುಟ್ಟಾದ ಬೆರಳುಗಳು ಸೆಟೆದು ನಿಂತಿದ್ದವು.

"ಸಾಕು," ಎಂದರು ಮಾಸ್ತರರು.

ಎಲ್ಲರೂ ನಿಲ್ಲಿಸಿದರು.

"ಬೆರಳು ಎತ್ತಲಿಕ್ಕೆ ನಿಮಗೆ ಯಾರು ಕಲಿಸಿದ್ದು?"

"ನೀವೇ ಸರ್," ಎಂದಳು ಅಶ್ವಿತಾ. "ಅದು ನಿಮ್ಮ ಶೈಲಿ ಅಂತ ಭುಜಂಗ ಸರ್ ಹೇಳಿದ್ರಲ್ಲ. ನಿನ್ನೆಯಿಂದ ಅದನ್ನೇ ಮಾಡ್ತಿದ್ದೇವೆ. ತುಂಬಾ ಕಷ್ಟ ಸರ್. ಬೆರಳು ತಾನಾಗಿಯೇ ತಂತಿಗೆ ಹೋಗ್ತದೆ. ಎತ್ತಿ ಹಿಡಿಯಲಿಕ್ಕೆ ಕೈಯೆಲ್ಲಾ ನೋಯ್ತದೆ."

ಮಾಸ್ತರರು ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಸಣ್ಣದೊಂದು ನಗು ಬಂತು. ಅದು ಕೆಮ್ಮಾಗಿ ಸ್ವಲ್ಪ ಹೊತ್ತು ನಿಲ್ಲಲಿಲ್ಲ.

"ಅದು ಶೈಲಿ ಅಲ್ಲ ಮಗಳೇ," ಎಂದರು ಕೊನೆಗೆ. "ಅದು ಕಾಯಿಲೆ."

ಮಕ್ಕಳು ಒಬ್ಬೊಬ್ಬರಾಗಿ ಬೆರಳು ಮಡಚಿಕೊಂಡರು.

ಭುಜಂಗನಿಗೆ ಎದ್ದು ಹೊರಗೆ ಹೋಗಬೇಕೆನಿಸಿತು. ಮಕ್ಕಳು ತನ್ನನ್ನು ನೋಡುತ್ತಿದ್ದಾರೆ ಎಂದುಕೊಂಡು ತಲೆ ತಗ್ಗಿಸಿದ. ಅವರು ಮಾಸ್ತರರನ್ನೇ ನೋಡುತ್ತಿದ್ದರು.

"ಭುಜಂಗ, ಇಲ್ಲಿ ಬಾ. ನನ್ನ ಹಿಂದೆ ಕೂರು."

ಅವನು ಹೋಗಿ ಕೂತ. ರೂಢಿಯಂತೆ ಗಿಟಾರನ್ನು ಮಡಿಲಿಗೆ ಎಳೆದುಕೊಂಡ.

"ಅದು ಅಲ್ಲೇ ಇರಲಿ. ನೀನು ಕೈ ಕಟ್ಟಿಕೋ."

"ಮಾಸ್ತರ್ರೇ..."

"ಕಟ್ಟಿಕೋ ಮಾರಾಯ. ಮಾತು ಬೇಡ. ನನಗೆ ಅಷ್ಟು ಶಕ್ತಿ ಇಲ್ಲ."

ಭುಜಂಗ ಕೈ ಕಟ್ಟಿದ. ಮಾಸ್ತರರು ಅದೇ ಹಾಡು ಎತ್ತಿಕೊಂಡರು.

ಹಿಂದೆ ಯಾರೂ ನುಡಿಸದೆ ಅವರ ಗಿಟಾರ್ ಬಡಕಲಾಗಿ ಕೇಳಿಸಿತು. ಏರುವ ಜಾಗ ಬಂತು. ಬೆರಳು ಎದ್ದಿತು. ಸ್ವರ ಬೀಳಲಿಲ್ಲ.

ಅಲ್ಲೊಂದು ಗುಂಡಿ ಬಿದ್ದಂತಾಯಿತು. ಭುಜಂಗನ ಕೈ ಕಂಕುಳಿನಿಂದ ಕಿತ್ತುಕೊಂಡು ಬರಲು ನೋಡಿತು. ಅವನು ಅಂಗಿಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತ. ಗುಂಡಿ ದಾಟಿ ಹಾಡು ಕುಂಟುತ್ತಾ ಮುಂದಕ್ಕೆ ಹೋಯಿತು.

ಮಾಸ್ತರರು ಮೊದಲಿನಿಂದ ತೆಗೆದುಕೊಂಡರು. ಮತ್ತೆ ಅಲ್ಲಿಯೇ ಬಿದ್ದರು. ಈ ಸಲ ತಂತಿ ಕಿರುಗುಟ್ಟಿತು. ಹುಡುಗನೊಬ್ಬ ನೆಲ ನೋಡಲು ಶುರುಮಾಡಿದ. ಅಶ್ವಿತಾಳ ಕಣ್ಣು ತುಂಬಿತ್ತು.

ನಿಲ್ಲಿಸಿಬಿಡಿ ಮಾಸ್ತರ್ರೇ, ಎಂದು ಭುಜಂಗ ಮನಸ್ಸಿನಲ್ಲೇ ಬೇಡಿಕೊಂಡ.

ಅವರು ನಿಲ್ಲಿಸಲಿಲ್ಲ. ಮತ್ತೊಮ್ಮೆ ಅದೇ ಜಾಗಕ್ಕೆ ಬಂದರು. ಬೆರಳು ಎದ್ದೇ ಇತ್ತು. ಮಾಸ್ತರರು ಕಾದರು. ಆಮೇಲೆ ಮಧ್ಯದ ಬೆರಳನ್ನು ಕೆಳಗಿನಿಂದ ತಂತಿಯ ಮೇಲೆ ಜಾರಿಸುತ್ತಾ, ತಡವಾಗಿ, ಅಂದುಕೊಂಡ ಎತ್ತರಕ್ಕೆ ತಲುಪದೆ, ಒಂದು ಮೆಟ್ಟಿಲು ಕೆಳಗೇ ನಿಂತರು.

ಅಲ್ಲಿ ಬೇರೆಯೇ ಒಂದು ಸ್ವರ ಇತ್ತು.

ಏದುಸಿರು ಬಿಡುವ ಮನುಷ್ಯ ಕಟ್ಟೆಯ ಮೇಲೆ ಕೂತ ಹಾಗಿತ್ತು ಅದು. ಇಷ್ಟು ವರ್ಷ ಜೊತೆಗಿದ್ದೂ ಭುಜಂಗ ಆ ಸ್ವರವನ್ನು ಅವರ ಗಿಟಾರಿನಿಂದ ಕೇಳಿರಲಿಲ್ಲ. ಕೇಳುವುದು ಹೇಗೆ? ಅದು ಬರಬೇಕಾದ ಜಾಗದಲ್ಲಿ ಎರಡು ವರ್ಷಗಳಿಂದ ಅವನೇ ಕೂತಿದ್ದ.

ಮಾಸ್ತರರು ಆ ಸ್ವರದಿಂದ ಹೊರಟು ಹಾಡನ್ನು ಬೇರೆ ದಾರಿಯಲ್ಲಿ ಇಳಿಸಿಕೊಂಡು ಬಂದರು. ಮುಗಿಸಿದರು. ಗಿಟಾರಿನ ಮೇಲೆ ಗಲ್ಲ ಊರಿ ಕೂತರು.

ಈ ಸಲ ಚಪ್ಪಾಳೆ ಬೀಳಲಿಲ್ಲ. ಯಾರಿಗೂ ಅದು ನೆನಪಾಗಲಿಲ್ಲ.

ಅಶ್ವಿತಾ ಕಣ್ಣು ಒರೆಸಿಕೊಂಡು ಕೇಳಿದಳು.

"ಸರ್, ಈಗ ನುಡಿಸಿದಿರಲ್ಲ, ಅದನ್ನು ನಾವು ಕಲೀಬೇಕಾ?"

"ಬೇಡ," ಎಂದರು ಮಾಸ್ತರರು. "ನಿಮಗೆ ಬೆರಳು ಉಂಟಲ್ಲ."

ಊಟಕ್ಕೆ ಮಕ್ಕಳೆಲ್ಲ ಎದ್ದು ಹೋದರು. ಮಾಸ್ತರರು ಅಲ್ಲಿದ್ದ ಬೆಂಚಿನ ಮೇಲೆ ಕಾಲು ಚಾಚಿ ಮಲಗಿದರು. ಹಂಚಿನ ಸಂದಿನಿಂದ ಇಳಿದ ಬಿಸಿಲು ಮುಖದ ಮೇಲೆ ಬಿದ್ದಿತ್ತು. ಅದನ್ನು ತಪ್ಪಿಸಿಕೊಳ್ಳಲೂ ಅವರು ಹೊರಳಲಿಲ್ಲ.

ಭುಜಂಗ ಎದ್ದು ಬಿಸಿಲಿಗೆ ಅಡ್ಡ ನಿಂತ. ಆಮೇಲೆ ಏನೋ ಹೊಳೆದಂತಾಗಿ ಪಕ್ಕಕ್ಕೆ ಸರಿದು ನೆಲದ ಮೇಲೆ ಕೂತ.

"ನಿಮಗೆ ಗೊತ್ತಿತ್ತಾ?"

"ಹೋದದ್ದು ಕೈ ಮಾರಾಯ. ಕಿವಿ ಸರಿಯಾಗಿಯೇ ಉಂಟು."

"ಮೊದಲಿನಿಂದಲೂ?"

"ಮೊದಲ ದಿನದಿಂದಲೂ."

"ಮತ್ತೆ ಒಂದು ಮಾತು ಹೇಳಬಾರದಿತ್ತಾ?"

"ನೀನೇ ನಿಲ್ಲಿಸ್ತೀ ಅಂತ ಕಾದೆ. ನೀನು ನಿಲ್ಲಿಸ್ಲಿಲ್ಲ. ಜನ ಚಪ್ಪಾಳೆ ಹೊಡೆದ್ರು. ನಾನು ನುಡಿಸದ ಸ್ವರಕ್ಕೆ ಬಂದ ಚಪ್ಪಾಳೆ ಅದು. ಅದನ್ನು ಹೊತ್ತು ಹೊತ್ತು ಬೆನ್ನು ಬಿದ್ದುಹೋಯ್ತು."

ಭುಜಂಗ ನೆಲದ ಮೇಲಿನ ಕೆಂಪು ಹುಡಿಯನ್ನು ಬೆರಳಿನಿಂದ ಗೀರುತ್ತಾ ಕೂತ.

"ನೀವು ಬೀಳುವುದನ್ನು ನೋಡಲಿಕ್ಕೆ ನನ್ನಿಂದ ಆಗ್ತಿರಲಿಲ್ಲ."

"ಇವತ್ತು ನೋಡಿದೆಯಲ್ಲ."

"ನೋಡಿದೆ."

"ಸತ್ತೆನಾ?"

"ಇಲ್ಲ."

"ಮತ್ತೆ?"

ಅತ್ತ ಊಟದ ಕಡೆಯಿಂದ ತಟ್ಟೆಗಳ ಸದ್ದು, ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಭುಜಂಗನಿಗೂ ಅಲ್ಲೇ ನೆಲದ ಮೇಲೆ ಮಲಗಿಬಿಡಬೇಕು ಎನಿಸುವಷ್ಟು ಆಯಾಸವಾಗಿತ್ತು. ಎರಡು ವರ್ಷಗಳ ಆಯಾಸ ಒಟ್ಟಿಗೇ ಬಂದು ಮೈಮೇಲೆ ಕೂತಿತ್ತು.

"ನಾಳೆ ನಾನು ಎಂತ ಮಾಡ್ಲಿ ಮಾಸ್ತರ್ರೇ?"

"ನಾಳೆ ಮುಂದೆ ನೀನು ಕೂರು. ನೀನು ನುಡಿಸು. ಹಿಂದೆ ನಾನಿರ್ತೇನೆ."

"ನಾನಾ? ಮುಂದೆ ಕೂತು ಎಷ್ಟು ಕಾಲ ಆಯ್ತು! ಮಕ್ಕಳ ಎದುರು ನಾನು ಎಲ್ಲಿಯಾದರೂ ತಪ್ಪಿದರೆ?"

ಮಾಸ್ತರರು ಕಣ್ಣು ತೆರೆಯದೆ ಹೇಳಿದರು.

"ಹೆದರ್ಬೇಡ. ನಾನು ಕೈ ಕೊಡುವುದಿಲ್ಲ."